ಎಫ್ ಎಂದು ಬರೆದ ದಿನ

ನನಗೆ ಇಪ್ಪತ್ನಾಲ್ಕು ವರ್ಷವಿದ್ದಾಗ ರಾಯಚೂರಿನ ಒಂದು ಧಾನ್ಯದ ಗೋದಾಮಿನಲ್ಲಿ ತಪಾಸಣೆಯ ಸಹಾಯಕನಾಗಿ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕ ಮುಗಿಯಲು ಇನ್ನೂ ಎರಡು ಮೂರು ವರ್ಷಗಳಿದ್ದವು. ನಮ್ಮಪ್ಪ ಮಟಮಾರಿಯವನು. ಹೊಲದ ಕೂಲಿ ಬಿಟ್ಟು ರಾಯಚೂರಿಗೆ ಬಂದು ಮೂವತ್ತು ವರ್ಷ ಚೀಲ ಹೊತ್ತವನು. ಅವನ ಕುತ್ತಿಗೆಯ ಕೆಳಗೆ ಅಂಗೈಯಗಲದ ಚರ್ಮ ಎತ್ತಿನ ಹೆಗಲಿನಂತೆ ಗಡುಸಾಗಿತ್ತು. ಮಗ ಚೀಲ ಹೊರುವುದಿಲ್ಲ, ಚೀಲ ನೋಡಿ ಬರೆಯುತ್ತಾನೆ ಎಂದು ಅವನು ಓಣಿಗೆಲ್ಲ ಸಕ್ಕರೆ ಹಂಚಿದ.

ನನ್ನ ಕೆಲಸ ಹೇಳಬೇಕೆಂದರೆ ಸರಳ. ರಾಯಚೂರು, ಮಾನ್ವಿ, ದೇವದುರ್ಗ, ಈ ಮೂರು ಕಡೆ ನಮ್ಮ ಗೋದಾಮುಗಳಿದ್ದವು. ವಾರಕ್ಕೊಮ್ಮೆ ಮೂರಕ್ಕೂ ಹೋಗಿ, ಒಂದರ ಮೇಲೊಂದು ಪೇರಿಸಿಟ್ಟ ಚೀಲಗಳನ್ನು ನೋಡಬೇಕು. ಹಾಗೆ ಪೇರಿಸಿದ ರಾಶಿಗೆ ಹಮಾಲರು ಥಪ್ಪಿ ಅನ್ನುತ್ತಿದ್ದರು. ಯಾವ ಥಪ್ಪಿಗೆ ನುಸಿ ಹತ್ತಿದೆ, ಯಾವುದು ನೆನೆದಿದೆ, ಯಾವುದು ಬಿಸಿಯಾಗಿದೆ ಎಂದು ಕೈ ಹಾಕಿ ಪರೀಕ್ಷಿಸಿ ತಪಾಸಣೆ ಬುಕ್ಕಿನಲ್ಲಿ ಬರೆಯಬೇಕು. ನುಸಿ ಹೆಚ್ಚಾದ ಕಡೆ ವಿಷದ ಗುಳಿಗೆ ಇಟ್ಟು, ತಾಡಪತ್ರಿ ಮುಚ್ಚಿ, ಗಾಳಿಯಾಡದಂತೆ ಏಳು ದಿನ ಬಿಡಬೇಕು. ಆ ಗುಳಿಗೆ ಗಾಳಿಯ ತೇವ ಹೀರಿಕೊಂಡು ಗ್ಯಾಸ್ ಬಿಡುತ್ತದೆ. ಆ ಗ್ಯಾಸು ಹುಳವನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ. ನಾನು ಬರೆದಿಟ್ಟ ಬುಕ್ಕು ನೋಡಿ ಅಲ್ಲಿನ ಗುಮಾಸ್ತರು ಯಾವ ಥಪ್ಪಿಯಿಂದ ಮಾಲು ಕೊಡಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿದುಕೊಳ್ಳುತ್ತಿದ್ದರು.

ನಾನು ಬರೆಯುತ್ತಿದ್ದ ರೀತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತವರಲ್ಲಿ ನಾನೇ ಮೊದಲಿಗ. ಅದನ್ನು ಕಲಿಯಲು ಪಟ್ಟ ಕಷ್ಟ ಎಷ್ಟಿತ್ತೆಂದರೆ, ಒಂದು ವಾಕ್ಯದ ವಿಷಯವನ್ನು ಎರಡು ಅಕ್ಷರ ಒಂದು ಅಂಕಿಯಲ್ಲಿ ಮುಗಿಸಿದಾಗ ಏನೋ ಗೆದ್ದಂತೆ ಅನಿಸುತ್ತಿತ್ತು. ನಮ್ಮ ದೊಡ್ಡ ಸಾಹೇಬರು ಒಮ್ಮೆ ಬುಕ್ಕು ತಿರುವಿ ನೋಡಿ, "ಒಂದು ಪುಟದಾಗ ಮೂರೂ ಗೋದಾಮು ಬಂದಾವ. ಹಿಂಗ ಬರೀಬೇಕು ನೋಡ್ರಿ" ಎಂದು ಎಲ್ಲರ ಮುಂದೆ ಹೇಳಿದರು. ಅವತ್ತಿನಿಂದ ನನ್ನ ಸಾಲುಗಳು ಇನ್ನೂ ಗಿಡ್ಡವಾದವು.

ಆ ವರ್ಷದ ಮಳೆಗಾಲದಲ್ಲಿ ಮಾನ್ವಿಗೆ ಹೋದೆ. ಅಲ್ಲಿಯದು ನಿಜಾಮನ ಕಾಲದ ಕಲ್ಲಿನ ಕಟ್ಟಡ. ಗೋಡೆ ಒಂದು ಮೊಳ ದಪ್ಪ. ಹಿಂದುಗಡೆ ಒಂದು ಒಳಕೋಣೆ, ಅದಕ್ಕೆ ಕಿಟಕಿಯಿಲ್ಲ. ಆ ಕೋಣೆಯಲ್ಲಿ ನಾಲ್ಕನೆಯ ಥಪ್ಪಿ, ಜೋಳದ್ದು. ಪೂರ್ತಿ ನುಸಿ ಹಿಡಿದಿತ್ತು. ಅವತ್ತು ಸಂತೆ, ಹಮಾಲರು ರಜೆಯಲ್ಲಿದ್ದರು. ಗುಮಾಸ್ತರೂ ಬಾಗಲವಾಡದಲ್ಲಿ ಯಾವುದೋ ಮದುವೆಗೆ ಹೋಗಿದ್ದರು. ನಾನೇ ಗುಳಿಗೆ ಇಟ್ಟು, ತಾಡಪತ್ರಿ ಮುಚ್ಚಿ, ಒಳಕೋಣೆಯ ಹಲಗೆ ಬಾಗಿಲು ಎಳೆದು ಸಂದಿಗೆ ಮಣ್ಣು ಮೆತ್ತಿದೆ. ತಲೆಬುರುಡೆಯ ಚಿತ್ರವಿದ್ದ ಬೋರ್ಡು ನಮ್ಮಲ್ಲಿ ಒಂದೇ ಇತ್ತು. ಅದು ರಾಯಚೂರಿನಲ್ಲೇ ಉಳಿದಿತ್ತು. ಬುಕ್ಕಿನಲ್ಲಿ ಉಳಿದ ಥಪ್ಪಿಗಳ ಸಾಲಿನ ನಡುವೆ ಇದನ್ನೂ ಇಂಗ್ಲಿಷಿನಲ್ಲಿ ಬರೆದೆ: "4, ಎಫ್, ಡಿ 1." ನಾಲ್ಕನೆಯ ಥಪ್ಪಿ, ಫ್ಯೂಮಿಗೇಶನ್, ಅಂದರೆ ವಿಷದ ಗ್ಯಾಸ್ ಹಾಕಿದೆ, ಇದು ಮೊದಲನೆಯ ದಿನ, ಡೇ ಒನ್. ಬುಕ್ಕು ಮೇಜಿನ ಮೇಲಿಟ್ಟು ಬಸ್ ಹತ್ತಿದೆ.

ಮರುದಿನ ಗುಮಾಸ್ತರು ಬಂದರು. ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಎಫ್ ಎಂದು ಬರೆಯುತ್ತಿದ್ದುದು ಮಾಲು ಚೆನ್ನಾಗಿದೆ, ಫಿಟ್ ಇದೆ ಎಂಬುದಕ್ಕೆ. ಗುಮಾಸ್ತರು ಹತ್ತು ವರ್ಷ ಅದನ್ನೇ ಓದಿದ್ದರು. ಮಾನ್ವಿಯಲ್ಲಿ ನಾನು ಗ್ಯಾಸ್ ಹಾಕಿದ್ದು ಅದೇ ಮೊದಲು. ಡಿ 1 ಅಂದರೆ ಡೆಲಿವರಿಗೆ ಇದೇ ಮೊದಲು ಎಂದು ತಿಳಿದರು. ರೇಷನ್ ಅಂಗಡಿಗಳಿಗೆ ಜೋಳ ಒಯ್ಯಲು ಗುತ್ತಿಗೆದಾರನ ಲಾರಿಗಳು ಬಾಗಿಲಲ್ಲಿ ನಿಂತಿದ್ದವು. ಮಣ್ಣು ಮೆತ್ತಿದ್ದನ್ನು ನೋಡಿ ಯಾರಿಗೂ ಸಂಶಯ ಬರಲಿಲ್ಲ. ಮಳೆಗಾಲದಲ್ಲಿ ಇಲಿ, ತೇವದ ಕಾಟಕ್ಕೆ ಹಾಗೆ ಮೆತ್ತುವ ರೂಢಿಯಿತ್ತು. ತಾಡಪತ್ರಿಯಂತೂ ಸೋರುವ ಮಾಳಿಗೆಯ ಕೆಳಗೆ ಎಲ್ಲ ಥಪ್ಪಿಗೂ ಇತ್ತು.

ಮೊದಲು ಒಳಗೆ ಹೋದವನು ಅರಕೇರಾದ ಒಬ್ಬ ಹಮಾಲ. ಮೂವತ್ತರ ಆಸುಪಾಸಿನವನು, ಎರಡು ಚೀಲ ಒಟ್ಟಿಗೆ ಹೊರುತ್ತಾನೆ ಎಂದು ಹೆಸರಾದವನು. "ಬಳ್ಳೊಳ್ಳಿ ನಾತ ಹೊಡ್ಯಾಕತ್ತದ" ಅಂದನಂತೆ. ಗುಮಾಸ್ತರು "ಹಳೇ ಚೀಲ, ನಾತ ಬರದ ಇರ್ತದೇನು, ಲಗೂನ ತಗೀರಿ" ಅಂದರಂತೆ. ಅವನು ತಾಡಪತ್ರಿ ಎಳೆದು, ಥಪ್ಪಿಗೂ ಗೋಡೆಗೂ ನಡುವಿನ ಸಂದಿಗೆ ಇಳಿದು ಚೀಲ ಹೊರಗೆ ನೂಕತೊಡಗಿದ. ಏಳನೆಯದೋ ಎಂಟನೆಯದೋ ಚೀಲದ ಹೊತ್ತಿಗೆ ಗೋಡೆ ಹಿಡಿದು ಕಾರಿಕೊಂಡ. ಹೊರಗಿದ್ದವರು ಸಂತೆಯಲ್ಲಿ ಕುಡಿದದ್ದು ಇಳಿದಿಲ್ಲ ಎಂದು ನಕ್ಕರು. ಅವನು ಎದೆ ಹಿಡಿದುಕೊಂಡು ಸಂದಿಯಲ್ಲೇ ಕುಸಿದ. ಹಮಾಲರ ಮುಕಾದಮ, ಅಂದರೆ ಅವರ ತಂಡದ ಹಿರಿಯ, ಬಾಯಿಗೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗಿ ಅವನ ಕಾಲು ಹಿಡಿದು ದರದರ ಎಳೆದು ತಂದ. ಕಲ್ಲಿನ ಹೊಸ್ತಿಲಿಗೆ ತಲೆ ಬಡಿದು ರಕ್ತ ಬಂತು. ಸಂಜೆಯೊಳಗೆ ಅವನು ಸತ್ತ. ಸಾಯುವ ತನಕ ಎಚ್ಚರವಿದ್ದು ನೀರು ಕೇಳುತ್ತಿದ್ದನಂತೆ.

ಇಷ್ಟು ವಿವರ ನನಗೆ ಗೊತ್ತಾದದ್ದು ಆಮೇಲೆ. ಮಾನ್ವಿಯಿಂದ ಫೋನ್ ಬಂದಾಗ ಸಾಹೇಬರು ಹೇಳಿದ್ದು ಇಷ್ಟೇ: "ಒಬ್ಬ ಹಮಾಲ ತೀರ್ಕೊಂಡಾನಂತ. ಹೋಗಿ ನೋಡ್ಕೊಂಡು ಬರ್ರಿ." ಮರುದಿನ ಬೆಳಗ್ಗೆ ಬಸ್ಸಿನಿಂದಿಳಿದು ಗೋದಾಮಿನ ಕಡೆ ನಡೆದೆ. ದೂರದಿಂದಲೇ ಗುಂಪು ಕಂಡಿತು. ಗುಮಾಸ್ತರು ನೆಲದ ಮೇಲೆ ಬಿದ್ದಿದ್ದರು. ತಲೆ ಒಡೆದು ಅಂಗಿ ಪೂರ್ತಿ ಕೆಂಪಾಗಿತ್ತು. ಇಬ್ಬರು ಅವರನ್ನು ಒದೆಯುತ್ತಿದ್ದರು. ನನ್ನನ್ನು ನೋಡಿದ ಯಾರೋ "ಬರದಾಂವ ಬಂದ" ಅಂದರು. ಒದೆಯುವವರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

ಓಡಬೇಕೆಂದು ತೋಚಲಿಲ್ಲ. ಒಬ್ಬ ಹಿಂದಿನಿಂದ ಸೊಂಟಕ್ಕೆ ಒದ್ದ. ಕೆಳಗೆ ಬಿದ್ದೆ. ಕೂದಲು ಹಿಡಿದು ಎಬ್ಬಿಸಿದರು. ಮುಖಕ್ಕೆ ಬಿದ್ದ ಏಟುಗಳನ್ನು ನಾನು ಎಣಿಸಲಿಲ್ಲ, ಯಾರು ಹೊಡೆದರೆಂದೂ ನೋಡಲಿಲ್ಲ. ಬಾಯಿಯೊಳಗೆ ಒಂದು ಹಲ್ಲು ಅಲುಗಾಡುತ್ತಿದ್ದುದು ಮಾತ್ರ ಗೊತ್ತಾಯಿತು. ಆಗ ಮುಕಾದಮ "ಬಿಡ್ರಲೇ" ಅಂದ. ತಪಾಸಣೆ ಬುಕ್ಕು ತಂದು ನನ್ನ ಮುಂದೆ ಬಿಚ್ಚಿ ಹಿಡಿದ.

"ಓದು. ಏನು ಬರದೀ, ಜೋರಾಗಿ ಓದು."

ಓದಿದೆ. "ಫೋರ್, ಎಫ್, ಡಿ ಒನ್."

"ಅಂದ್ರೇನು?"

ಹೇಳಿದೆ. ಗೋದಾಮಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅವಳು ಎದ್ದು ಬಂದಳು. ಸತ್ತವನ ಹೆಂಡತಿ. ಬೆಳಗಿನ ಜಾವವೇ ಅರಕೇರಾದಿಂದ ಕರೆತಂದಿದ್ದರು. ಅವಳು ಅಳುತ್ತಿರಲಿಲ್ಲ.

"ಯಪ್ಪಾ, ಒಳಗ ಹೋದ್ರ ಸಾಯ್ತಾರ ಅಂತ ಎಲ್ಲಿ ಬರದೀ? ಆ ಜಾಗ ನನಗ ತೋರ್ಸು."

ನಾನು ಎಫ್ ಅಕ್ಷರದ ಮೇಲೆ ಬೆರಳಿಟ್ಟೆ. ಅವಳು ಬಗ್ಗಿ ನೋಡಿದಳು. ಹಾಳೆಯನ್ನು ತಿರುವಿ ಹಿಂದುಗಡೆಯೂ ನೋಡಿದಳು.

"ಇಷ್ಟಕ್ಕ ಸಾಯ್ತಾರ ಅಂತಾರೇನು?" ಎಂದು ಮುಕಾದಮನನ್ನು ಕೇಳಿದಳು.

ನನ್ನ ಬಲಗೈ ಇನ್ನೂ ಬುಕ್ಕಿನ ಮೇಲಿತ್ತು. ಮುಕಾದಮ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಆ ಕೈಯ ಮೇಲೆ ಹೊಡೆದ. ಎರಡು ಸಲ. ಒಣ ಕಟ್ಟಿಗೆ ಮುರಿದ ಹಾಗೆ ಶಬ್ದ ಬಂದದ್ದು ನನ್ನ ಬೆರಳಿನಿಂದ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ರಾಯಚೂರಿನ ಆಸ್ಪತ್ರೆಯಲ್ಲಿ ತೋರುಬೆರಳು, ನಡುಬೆರಳಿಗೆ ಪಟ್ಟಿ ಹಾಕಿ ಕಟ್ಟಿದರು. ಅಪ್ಪ ಬಂದು ಹಾಸಿಗೆಯ ಪಕ್ಕ ಕೂತ. ನಡೆದದ್ದನ್ನೆಲ್ಲ ಕೇಳಿಸಿಕೊಂಡು "ಆ ಹಮಾಲಗ ಮಕ್ಕಳೆಷ್ಟು?" ಅಂದ. ಗೊತ್ತಿಲ್ಲ ಅಂದೆ. ಅವನು ಇನ್ನೇನೂ ಕೇಳದೆ ಎದ್ದು ಹೋದ. ಅವತ್ತಿನ ಮೌನಕ್ಕೆ ನಾನು ಅಪ್ಪನ ಮೇಲೆ ಬಹಳ ದಿನ ಸಿಟ್ಟಾಗಿದ್ದೆ.

ಆ ಸಿಟ್ಟಿನಲ್ಲೇ ಇದ್ದಾಗ ಲಾರಿ ಗುತ್ತಿಗೆದಾರನ ಏಜಂಟ ನನ್ನನ್ನು ನೋಡಲು ಬಂದ. ನನ್ನದೇ ವಯಸ್ಸಿನವನು, ದಪ್ಪ ಮೀಸೆ, ಬಿಳಿ ಬೂಟು. ಹಮಾಲರು ಕೆಲಸ ನಿಲ್ಲಿಸಿದ್ದರಿಂದ ಅವನ ಲಾರಿಗಳು ಮಾನ್ವಿಯಲ್ಲಿ ಖಾಲಿ ನಿಂತಿದ್ದವು. ಕಿತ್ತಳೆ ಹಣ್ಣು ತಂದಿದ್ದ. ಒಂದನ್ನು ತಾನೇ ಸುಲಿದು ನನಗೆ ಕೊಟ್ಟು ಹೇಳಿದ: "ಕೈ ಮುರದಾಂವ ಯಾರು ಅಂತ ಒಂದು ಮಾತು ಹೇಳ್ರಿ ಸಾಹೇಬ್ರ. ಉಳದದ್ದು ನಾ ನೋಡ್ಕೋತೀನಿ."

ನಾನು ಹೇಳಿದೆ. ಯೋಚಿಸಿ ಹೇಳಿದೆನೋ, ನೋವಿನಲ್ಲಿ ಹೇಳಿದೆನೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯೋಚಿಸಿಯೇ ಹೇಳಿದೆ. ಎರಡು ದಿನದ ಮೇಲೆ ಏಜಂಟನ ಆರು ಜನ ಮುಕಾದಮನನ್ನು ಮನೆಯಿಂದ ಎಳೆದು ತಂದು, ನಡುಬೀದಿಯಲ್ಲಿ ಅವನ ಹೆಂಡತಿ ಮಕ್ಕಳ ಎದುರು ಹೊಡೆದರು. ಲಾರಿಯ ಹಗ್ಗ ಬಿಗಿಯುವ ಸಲಾಕೆಯಿಂದ ತಲೆಯ ಎಡಮಗ್ಗುಲಿಗೆ ಹೊಡೆದಾಗ ಕಿವಿಯಿಂದ ರಕ್ತ ಬಂತಂತೆ. ಆ ಕಿವಿ ಮತ್ತೆ ಕೇಳಿಸಲಿಲ್ಲ. ಮಾನ್ವಿಯಲ್ಲಿ ಅವನಿಗೆ ಕೆಲಸ ಕೊಡುವವರೂ ಇಲ್ಲದಂತಾಯಿತು.

ಇಲಾಖೆಯ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. "ಬುಕ್ಕಿನಾಗ ಎಂಟ್ರಿ ಇತ್ತೋ ಇಲ್ಲೋ?" ಎಂದು ಕೇಳಿದರು. ಇತ್ತು ಅಂದೆ. ಎಂಟ್ರಿ ಇದ್ದರೂ ಬಾಗಿಲು ತೆರೆಸಿದ ತಪ್ಪಿಗೆ ಗುಮಾಸ್ತರನ್ನು ಮನೆಗೆ ಕಳುಹಿಸಿದರು. ಎಫ್ ಅಕ್ಷರಕ್ಕೆ ಮೊದಲು ಬೇರೆ ಅರ್ಥವಿತ್ತೆಂದು ಅವರು ಗೋಗರೆದು ಹೇಳುತ್ತಿದ್ದಾಗ ನಾನು ಅದೇ ಕೋಣೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ. ನನ್ನನ್ನು ದೇವದುರ್ಗಕ್ಕೆ ಹಾಕಿದರು.

ದೇವದುರ್ಗದಲ್ಲಿ ಮೊದಲ ಆರು ತಿಂಗಳು ನನ್ನ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಗೋದಾಮು ಊರ ಹೊರಗೆ, ತಗಡಿನ ಚಾವಣಿಯದು. ಗ್ಯಾಸ್ ಹಾಕಿದ ದಿನಗಳಲ್ಲಿ ನಾನು ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಊಟಕ್ಕೂ ಏಳುತ್ತಿರಲಿಲ್ಲ. ಯಾರಾದರೂ ಆ ಕಡೆ ಹೆಜ್ಜೆ ಇಟ್ಟರೆ ಎದ್ದು ಅಡ್ಡ ನಿಲ್ಲುತ್ತಿದ್ದೆ. ಒಂದು ದಿನ ಒಬ್ಬ ಹಮಾಲ ತಂಬಾಕಿನ ಚೀಲ ಮರೆತೆನೆಂದು ಒಳಗೆ ಹೊರಟಾಗ ಅವನ ಕಪಾಳಕ್ಕೆ ಬಾರಿಸಿಬಿಟ್ಟೆ. ಹೊಡೆದ ಮೇಲೆ ನನಗೇ ಗಾಬರಿಯಾಯಿತು. ಅವನು ಕೆನ್ನೆ ಹಿಡಿದುಕೊಂಡು, "ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?" ಅಂದ.

ಆ ವರ್ಷವೇ ಮುಕಾದಮ ದೇವದುರ್ಗಕ್ಕೆ ಬಂದ. ಹೆಂಡತಿಯ ತವರು ಅದೇ ಊರು. ಅಲ್ಲಿನ ಹಮಾಲರು ಅವನನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಗೋದಾಮಿನ ಅಂಗಳದಲ್ಲಿ ಎದುರಾಬದುರಾ ನಿಂತೆವು. ಅವನೇ ಮೊದಲು ಕೇಳಿದ.

"ಕೈ ಹ್ಯಾಂಗದ?"

"ಮಡಚಾಕ ಬರಂಗಿಲ್ಲ. ನಿನ್ನ ಕಿವಿ?"

"ಈ ಕಡಿ ಬಂದು ಮಾತಾಡ್ರಿ. ಆ ಕಡೀದು ಕೇಳಂಗಿಲ್ಲ."

ನಾನು ಅವನ ಬಲಗಡೆಗೆ ಹೋಗಿ ನಿಂತೆ. ಏಜಂಟನಿಗೆ ಗುರುತು ಹೇಳಿದವನು ನಾನೇ ಎಂದು ಹೇಳಿದೆ. "ಗೊತ್ತದ" ಅಂದ. ಮತ್ತೆ, "ನನ್ನ ಮನ್ಯಾಗ ಯಾರರೆ ಸತ್ತಿದ್ರ ನಾ ನಿಮ್ಮನ್ನ ಜೀವಂತ ಬಿಡ್ತಿದ್ದಿಲ್ಲ. ಅಂವಾ ಬರೇ ನನ್ನ ಕೂಡ ಚೀಲ ಹೊರಾಂವ" ಅಂದ. ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದ.

ಬುಕ್ಕನ್ನು ಬೇರೆ ರೀತಿ ಬರೆಯಲು ನಾನು ತೊಡಗಿದ್ದು ಆಮೇಲೆ. ಹೊಸ ನೋಟ್‌ಬುಕ್ಕು ತಂದೆ. ಮುರಿದ ಬೆರಳಿನಿಂದ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು, ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಹಮಾಲರನ್ನು ಕೂರಿಸಿ ಓದಿದೆ. ಒಂದನೆಯ ಥಪ್ಪಿ ಸುಸ್ಥಿತಿಯಲ್ಲಿದೆ, ಎರಡನೆಯ ಥಪ್ಪಿ ಸುಸ್ಥಿತಿಯಲ್ಲಿದೆ ಎಂದು ಶುರುವಾಗಿ ಹದಿನೆಂಟರ ತನಕ ಹೋಯಿತು. ಹನ್ನೊಂದನೆಯದಕ್ಕೆ "ಧೂಮೀಕರಣ ಜಾರಿಯಲ್ಲಿದೆ" ಎಂದಿತ್ತು. ಓದಿ ಮುಗಿಸಿ ತಲೆಯೆತ್ತಿದರೆ ಅರ್ಧ ಜನ ತೂಕಡಿಸುತ್ತಿದ್ದರು.

ಮುಕಾದಮ ಕೇಳಿದ: "ಸರಿ ಇದ್ದದ್ದು ನಮಗ್ಯಾಕ ಹೇಳ್ತೀರಿ? ಕೆಟ್ಟದ್ದು ಯಾವುದು, ಅದನ್ನ ಮೊದ್ಲ ಹೇಳ್ರಿ."

ಧೂಮೀಕರಣ ಅಂದರೇನೆಂದು ಒಬ್ಬ ಕೇಳಿದ. ವಿಷದ ಗ್ಯಾಸು ಅಂದೆ. "ಹಂಗಾದ್ರ ಹಂಗ ಬರೀರಿ" ಅಂದ. ಹನ್ನೊಂದನೆಯ ಥಪ್ಪಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಥಪ್ಪಿಗೆ ಅಂಟಿಸಿದ ಚೀಟಿಯ ನಂಬರು ಅವರಿಗೆ ಓದಲು ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬಾಗಿಲು, ಕಂಬ, ಎಡ, ಬಲ. ಮರುದಿನ ಹೀಗೆ ಓದಿದೆ: "ಬಾಗಿಲಿಂದ ಎಡಕ್ಕೆ, ಎರಡನೆಯ ಕಂಬದ ಹಿಂದಿನ ಥಪ್ಪಿಗೆ ಮೊನ್ನೆ ವಿಷದ ಗ್ಯಾಸ್ ಹಾಕಿದೆ. ಹತ್ತಿರ ಹೋದವರು ಸಾಯುತ್ತಾರೆ. ಬರುವ ಸೋಮವಾರ ನಾನೇ ನಿಂತು ಬಿಚ್ಚಿಸುತ್ತೇನೆ. ಅಲ್ಲಿಯ ತನಕ ಯಾರು ಹೇಳಿದರೂ ಮುಟ್ಟಬೇಡಿ." ಯಾರೂ ತೂಕಡಿಸಲಿಲ್ಲ.

ಆಮೇಲೆ ನನಗೆ ಹೆದರಿಸುವ ಚಟ ಹತ್ತಿತು. ಸಣ್ಣ ತೇವಕ್ಕೂ ಹುಷಾರು, ಇಲಿಯ ಬಿಲಕ್ಕೂ ಹುಷಾರು ಎಂದು ಬರೆಯತೊಡಗಿದೆ. ಮುಕಾದಮ ಒಂದು ವಾರ ಸುಮ್ಮನಿದ್ದು, "ದಿನಾ ತೋಳ ಬಂತು ಅಂದ್ರ ಖರೇ ತೋಳ ಬಂದಾಗ ಯಾರು ಏಳ್ತಾರ್ರಿ?" ಎಂದ. ಹುಷಾರು ಎಂಬ ಶಬ್ದವನ್ನು ಜೀವಕ್ಕೆ ಅಪಾಯ ಇದ್ದಲ್ಲಿ ಮಾತ್ರ ಇಟ್ಟುಕೊಂಡೆ. ಕೊನೆಗೆ ನನ್ನ ಸಹಿಯ ಜೊತೆ ನಾನು ನೋಡಿದ ದಿನ, ಹೊತ್ತು ಬರೆಯುವುದನ್ನೂ ಹಮಾಲರೇ ಹೇಳಿಕೊಟ್ಟರು. ನಿನ್ನೆ ನೋಡಿದ್ದೋ ವಾರದ ಹಿಂದೆ ನೋಡಿದ್ದೋ ತಿಳಿಯದಿದ್ದರೆ ನಂಬುವುದು ಹೇಗೆ ಎಂದು ಕೇಳಿದ್ದರು.

ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಬುಕ್ಕು ತೆರೆದು ಒಂದು ಪುಟ ಓದಿದರು. "ಇದೇನು ರಿಜಿಸ್ಟರೋ, ಅಜ್ಜಿ ಕತಿಯೋ?" ಎಂದು ಅದನ್ನು ನನ್ನ ಮುಖಕ್ಕೆ ಎಸೆದರು. ರಟ್ಟಿನ ಅಂಚು ತಾಗಿ ತುಟಿ ಒಡೆಯಿತು. ಹಮಾಲರು ನೋಡುತ್ತಿದ್ದರು. ಸಾಹೇಬರು ಬಗ್ಗಿ, ಬಿದ್ದ ಬುಕ್ಕಿನ ಹಾಳೆಗಳನ್ನು ಕಿತ್ತು ಹರಿದರು. ಹರಿಯುತ್ತಿದ್ದಾಗ ಮುಕಾದಮ ಒಂದು ಹೆಜ್ಜೆ ಮುಂದೆ ಬಂದ. ಅವನ ಕೈಯಲ್ಲಿ ಕೊಕ್ಕೆಯಿತ್ತು. ನಾನು ಅವನ ರಟ್ಟೆ ಹಿಡಿದೆ. ಹಿಡಿದ ಕೈಗೆ ಅವನ ಸ್ನಾಯು ಕಲ್ಲಾಗಿದ್ದುದು ತಿಳಿಯಿತು. ಸಾಹೇಬರಿಗೂ ಅದು ಕಂಡಿರಬೇಕು, ಬೇಗ ಜೀಪು ಹತ್ತಿದರು.

ಅಂದಿನಿಂದ ಎರಡು ಬುಕ್ಕು ಇಟ್ಟೆ. ಸಾಹೇಬರಿಗೆ ರಾಯಚೂರಿಗೆ ಹೋಗುವುದು ಗಿಡ್ಡ ಅಕ್ಷರದ್ದು. ಗೋದಾಮಿನ ಬಾಗಿಲಿಗೆ ಹಗ್ಗದಲ್ಲಿ ನೇತುಹಾಕಿದ್ದು ಉದ್ದ ಮಾತಿನದ್ದು. ಎರಡರಲ್ಲೂ ವಿಷಯ ಒಂದೇ. ಹೀಗೆ ಐದಾರು ವರ್ಷ ನಡೆಯಿತು.

ಎಂಬತ್ತರ ದಶಕದ ನಡುವೆ ಒಂದು ಮಳೆಗಾಲ ತಗಡು ಸೋರಿ, ಬಲಗಡೆಯ ಎರಡನೆಯ ಥಪ್ಪಿಯ ತಳ ನೆನೆಯಿತು. ತಳದ ಚೀಲಗಳು ಒಂದು ಮಗ್ಗುಲಿಗೆ ಕುಸಿದು, ಇಪ್ಪತ್ತು ಚೀಲದೆತ್ತರದ ಥಪ್ಪಿ ಹೊರಗೆ ವಾಲಿತು. ಬಾಗಿಲ ಬುಕ್ಕಿನಲ್ಲಿ ಬರೆದೆ: "ಹುಷಾರು. ಬಾಗಿಲಿಂದ ಬಲಕ್ಕೆ ಎರಡನೆಯ ಥಪ್ಪಿ ವಾಲಿದೆ. ಯಾವ ಹೊತ್ತಿನಲ್ಲಾದರೂ ಬೀಳುತ್ತದೆ. ಮಗ್ಗುಲಲ್ಲಿ ನಿಲ್ಲಬೇಡಿ. ಹಿಂದಿನಿಂದ ಏಣಿ ಹಾಕಿ, ಮೇಲಿನ ಚೀಲದಿಂದ ಇಳಿಸಬೇಕು." ಬೆಳಗ್ಗೆ ಓದಿ ಹೇಳಿದೆ. ಏಣಿ ತರಲು ಇಬ್ಬರು ಊರೊಳಗೆ ಹೋದರು.

ಅಷ್ಟರಲ್ಲಿ ಮೂರು ಲಾರಿ ಬಂದವು. ಮೊದಲ ಲಾರಿಯಿಂದ ಇಳಿದವನು ಅದೇ ಏಜಂಟ. ಆ ವರ್ಷ ದೇವದುರ್ಗದ ಸಾಗಣೆಯ ಗುತ್ತಿಗೆಯೂ ಅವನ ಧಣಿಗೇ ಸಿಕ್ಕಿತ್ತು. ಮುಕಾದಮನನ್ನು ನೋಡಿ, "ಇನ್ನೂ ಬದಕೀಯೇನಲೇ" ಅಂದ. ಮುಂದಿರುವ ಥಪ್ಪಿಯಿಂದಲೇ ಮಾಲು ಹೇರಬೇಕೆಂದು ಹೇಳಿದ. ಮುಕಾದಮ ಆಗುವುದಿಲ್ಲ ಅಂದ. ಏಜಂಟ ಬಾಗಿಲಿಗೆ ಹೋಗಿ ನೇತುಹಾಕಿದ ಬುಕ್ಕನ್ನು ನೋಡಿ, ಹಗ್ಗ ಸಮೇತ ಕಿತ್ತು ಕೆಸರಿಗೆ ಎಸೆದ.

"ಹಮಾಲಿ ಮಾಡಾವ್ರಿಗೆ ಬುಕ್ಕು ಬೇಕೇನು?"

"ಬೀಳ್ತದ್ರಿ ಅದು. ನಮ್ಮ ಹುಡುಗ್ರು ಒಳಗ ಬರಂಗಿಲ್ಲ" ಎಂದ ಮುಕಾದಮ.

ಏಜಂಟ ಲಾರಿಯಿಂದ ಸಲಾಕೆ ಎಳೆದುಕೊಂಡ. ನಾನು ನಡುವೆ ಹೋದೆ. ಅವನ ಡ್ರೈವರು ನನ್ನ ಎದೆಗೆ ಗುದ್ದಿ ಗೋಡೆಗೆ ತಳ್ಳಿದ. ಸಲಾಕೆಯ ಮೊದಲ ಏಟು ಮುಕಾದಮನ ಹಣೆ ಸೀಳಿತು. ಹಮಾಲರು ಕೊಕ್ಕೆ ಹಿಡಿದು ಏರಿಬಂದರು. ಒಬ್ಬನ ಕೊಕ್ಕೆ ಡ್ರೈವರಿನ ಭುಜಕ್ಕೆ ಇಳಿದು ಅಂಗಿ ಚರ್ಮ ಎರಡನ್ನೂ ಹರಿಯಿತು. ಇನ್ನೊಬ್ಬನ ಮೊಣಕೈ ಸಲಾಕೆಯ ಏಟಿಗೆ ಕೆಳಗೆ ಜೋತುಬಿತ್ತು. ಅಂಗಳದ ಕೆಸರು ಕೆಂಪಾಯಿತು. ಯಾರ ರಕ್ತ ಯಾರದೆಂದು ತಿಳಿಯುತ್ತಿರಲಿಲ್ಲ. ಹಮಾಲರು ಹತ್ತು ಜನ, ಅವರು ಐದು. ಸೋಲುವುದು ಕಂಡಾಗ ಏಜಂಟ ಹಿಂದಕ್ಕೆ ಸರಿದ. ಉಸಿರು ಬಿಡುತ್ತ, "ನೋಡ್ರಿ ಹೇಡಿಗುಳ, ನಾನೇ ತಗದು ತೋರಸ್ತೀನಿ" ಎಂದು ತನ್ನ ಒಬ್ಬ ಆಳನ್ನು ಕರೆದುಕೊಂಡು ಒಳಗೆ ಹೋದ.

"ಬ್ಯಾಡ್ರಿ" ಎಂದು ಮುಕಾದಮ ಕೂಗಿದ. ಹಣೆಯ ರಕ್ತ ಅವನ ಕಣ್ಣಿಗಿಳಿಯುತ್ತಿತ್ತು.

ಏಜಂಟ ಥಪ್ಪಿಯ ನಡುವಿನ ಒಂದು ಚೀಲಕ್ಕೆ ಕೊಕ್ಕೆ ಹಾಕಿ ಎಳೆದ. ಮೊದಲು ಏನೂ ಆಗಲಿಲ್ಲ. ಎರಡನೆಯ ಸಲ ಎಳೆದಾಗ ಥಪ್ಪಿಯ ಮೇಲ್ಭಾಗ ಮೆಲ್ಲಗೆ ಬಾಗಿತು. ಆಳು ಹೊರಗೆ ಜಿಗಿದ. ಏಜಂಟ ತಿರುಗುವಷ್ಟರಲ್ಲಿ ನೂರು ಕಿಲೋದ ಚೀಲಗಳು ಒಂದರ ಹಿಂದೊಂದು ಅವನ ಮೇಲೆ ಬಿದ್ದವು. ಧೂಳು ಇಳಿದಾಗ ಒಂದು ಕೈ ಮಾತ್ರ ಹೊರಗಿತ್ತು. ಕಿರುಚಾಟ ಒಳಗಿನಿಂದ ಬರುತ್ತಿತ್ತು.

ನಾನು ಗೋಡೆಗೊರಗಿ ನಿಂತಿದ್ದೆ. ನನ್ನ ಕಾಲು ಏಳಲಿಲ್ಲ. ಹೆದರಿಕೆಯಿಂದ ಏಳಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಸ್ವಲ್ಪ ಕಿರುಚಲಿ ಅನಿಸಿತ್ತು. ಮುಕಾದಮ ಕಣ್ಣಿನ ರಕ್ತ ಒರೆಸಿಕೊಂಡು, "ಏ ಬರ್ರಲೇ, ಮ್ಯಾಲಿಂದ ತಗೀರಿ, ಮಗ್ಗಲಿಗೆ ನಿಂದ್ರಬ್ಯಾಡ್ರಿ" ಎಂದು ಕೂಗಿದಾಗ ಹಮಾಲರು ಓಡಿದರು. ಅವನು ಹೇಳುತ್ತಿದ್ದದ್ದು ನಾನು ಬೆಳಗ್ಗೆ ಓದಿದ ಮಾತೇ. ಮುರಿದ ಮೊಣಕೈಯವನೂ ಒಂದು ಕೈಯಿಂದ ಎಳೆದ. ಅವರ ಹಿಂದೆ ನಾನೂ ಹೋದೆ. ಏಜಂಟನ ಬಲಗಾಲು ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ಅದನ್ನು ರಾಯಚೂರಿನಲ್ಲಿ ಕತ್ತರಿಸಿ ತೆಗೆದರು.

ಅವನ ಕಡೆಯವರು ದೂರು ಕೊಟ್ಟರು. ಹಮಾಲರು ಹಳೆಯ ದ್ವೇಷಕ್ಕೆ ಥಪ್ಪಿ ನೂಕಿ ಕೊಲ್ಲಲು ನೋಡಿದರೆಂದೂ, ಅಪಾಯವಿದೆಯೆಂದು ಯಾರೂ ಹೇಳಲೇ ಇಲ್ಲವೆಂದೂ ಅದರಲ್ಲಿತ್ತು. ಮುಕಾದಮನೂ ಇನ್ನೂ ಮೂವರೂ ಕೆಲವು ವಾರ ಜೈಲಿನೊಳಗಿದ್ದರು. ವಿಚಾರಣೆಯ ದಿನ ಕೆಸರು ಹತ್ತಿದ ಬುಕ್ಕನ್ನು ನಾನು ಒಯ್ದೆ. ಏಜಂಟನ ವಕೀಲರು ಇದನ್ನು ಆಮೇಲೆ ಬರೆದದ್ದು ಎಂದರು. ಹಮಾಲರನ್ನು ಒಬ್ಬೊಬ್ಬರನ್ನಾಗಿ ಕರೆದು, ಅವತ್ತು ಬೆಳಗ್ಗೆ ಏನು ಓದಿದರು ಎಂದು ಕೇಳಿದರು. ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಹತ್ತು ಜನವೂ ಹೇಳಿದರು: ಬಾಗಿಲಿಂದ ಬಲಕ್ಕೆ ಎರಡನೆಯದು, ವಾಲಿದೆ, ಮಗ್ಗುಲಲ್ಲಿ ನಿಲ್ಲಬೇಡಿ, ಹಿಂದಿನಿಂದ ಏಣಿ, ಮೇಲಿನಿಂದ ಇಳಿಸಬೇಕು. ವಕೀಲರು ಕೊನೆಗೆ ತಮ್ಮ ಕಕ್ಷಿದಾರನಿಗೆ ಓದಲು ಬರುವುದಿಲ್ಲ, ಬುಕ್ಕು ಅವನಿಗೆ ತಿಳಿಯಲಿಲ್ಲ ಎಂದರು. ಮುಕಾದಮ ಬಾಯಿಯಲ್ಲೇ ಹೇಳಿದ್ದನ್ನು ಏಜಂಟನ ಆಳೇ ಒಪ್ಪಿಕೊಂಡ. ಕೇಸು ನಿಲ್ಲಲಿಲ್ಲ.

ಆ ಬುಕ್ಕಿನಂತೆ ಎಲ್ಲ ಕಡೆ ಬರೆಯಿರಿ ಎಂಬ ಆದೇಶವೇನೂ ಬರಲಿಲ್ಲ. ದೊಡ್ಡ ಸಾಹೇಬರು ಮತ್ತೊಮ್ಮೆ ಬಂದಾಗ ಬಾಗಿಲಲ್ಲಿ ನಿಂತು, ಹೊಸ ಹಗ್ಗದಲ್ಲಿ ತೂಗುತ್ತಿದ್ದ ಬುಕ್ಕನ್ನು ಓದಿದರು. ಹರಿಯದೆ ಹಾಗೇ ಬಿಟ್ಟರು.

ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಏಜಂಟ ಕಂಡ. ಕಂಕುಳಲ್ಲಿ ಊರುಗೋಲು. ಮೀಸೆ ಬೋಳಿಸಿದ್ದ. ನಾನು ಬೇರೆ ಕಡೆ ತಿರುಗಿದೆ. ಅವನೇ ಕರೆದ.

"ಬರ್ರಿ ಸಾಹೇಬ್ರ, ಯಾಕ ಮುಖ ತಿರುವ್ತೀರಿ?"

ಹತ್ತಿರ ಹೋದೆ. ಕಾಲಿನ ಬಗ್ಗೆ ಕೇಳಿದೆ. ಅವನು ಬೇರೆಯದೇ ಮಾತು ತೆಗೆದ.

"ನನಗ ಓದಾಕ ಬರಂಗಿಲ್ಲ ಅಂತ ವಕೀಲ ಹೇಳಿದ್ನಲ್ರೀ, ಸುಳ್ಳದು. ಏಳನೇ ಕ್ಲಾಸ ಮುಗಿಸೀನಿ ನಾ. ಅವತ್ತು ಬುಕ್ಕು ಕೀಳೂಕಿಂತ ಮೊದ್ಲ ಪೂರಾ ಓದಿದ್ದೆ. ಎಲ್ಲಾ ತಿಳದಿತ್ತು."

"ಮತ್ತ ಯಾಕ ಒಳಗ ಹೋದ್ರಿ?"

"ಹಮಾಲರ ಸಲುವಾಗಿ ಬರದದ್ದನ್ನ ನಾ ಹ್ಯಾಂಗ ಕೇಳ್ಲಿ?"

ಹೇಳುತ್ತಲೇ ಅವನ ಮುಖ ಕೆಂಪಾಯಿತು. ಊರುಗೋಲು ಎತ್ತಿ ನನ್ನ ಹೆಗಲಿಗೆ ಹೊಡೆದ. ಇನ್ನೊಮ್ಮೆ ಎತ್ತುವಾಗ ಆಯ ತಪ್ಪಿ ಬಿದ್ದ. ಬಿದ್ದವನ ಧೋತರ ಸರಿದು ತುಂಡು ಕಾಲು ಕಂಡಿತು. ಜನ ಸೇರಿದರು. ನಾನು ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಅವನು ನನ್ನ ಅಂಗಿ ಹಿಡಿದುಕೊಂಡೇ ಎದ್ದ, ಬೈಯುತ್ತಲೇ ಇದ್ದ. ರಾಯಚೂರಿನ ಬಸ್ ಬಂದಾಗ ಹತ್ತಿಸಿ, ಊರುಗೋಲನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಅವನು ಅದನ್ನು ತೆಗೆದುಕೊಂಡು ಮುಖ ತಿರುಗಿಸಿದ.

ಅವತ್ತು ಗೋದಾಮಿಗೆ ತಡವಾಗಿ ಹೋದೆ. ಹೆಗಲು ನಾಲ್ಕು ದಿನ ನೋಯಿತು. ಯಾರು ಹೊಡೆದರೆಂದು ಮುಕಾದಮ ಕೇಳಿದ. ಈ ಸಲ ಹೇಳಲಿಲ್ಲ.